ಲಾಕ್‌ಡೌನ್ ಬಂದಾಗ ವಿಷದ ಲೆಕ್ಕ ಯಾಕೆ ಬದಲಾಯಿತು?

ಈ ಸಲ ಯುಗಾದಿಗೆ ಮನೆ ತೊಳೆಯುವಾಗ ಅಟ್ಟದ ಮೇಲೆ ಐದು ಲೀಟರಿನ ಕ್ಯಾನ್ ಒಂದು ಸಿಕ್ಕಿತು. ಅರ್ಧ ತುಂಬಿತ್ತು, ಲೇಬಲ್ ಉದುರಿಹೋಗಿತ್ತು. ಮುಚ್ಚಳ ತೆಗೆದು ಮೂಸಿದ ಮೇಲೆ ನೆನಪಾಯಿತು, ಅದು 2020ರಲ್ಲಿ ಮಂಡಿಪೇಟೆಯಿಂದ ತಂದಿದ್ದ ಸ್ಯಾನಿಟೈಜರ್. (ಹಾಗೆ ಮೂಸಬಾರದಿತ್ತು. ಯಾಕೆ ಅಂತ ಮುಂದೆ ಬರುತ್ತದೆ.) ಅದರ ಪಕ್ಕದಲ್ಲೇ ಒಂದು ಕುಡಿಯುವ ನೀರಿನ ಬಾಟಲಿ, ಒಳಗೆ ತಿಳಿ ಹಳದಿ ಬಣ್ಣದ ಏನೋ ಇತ್ತು. ಅಮ್ಮನನ್ನು ಕೇಳಿದೆ. "ಆ್ಯಸಿಡ್ ಇರಬೇಕು ನೋಡು. ಇಲ್ಲಾಂದ್ರೆ ಬ್ಲೀಚು" ಎಂದರು.

ಸುಮ್ನೆ ಕುತೂಹಲಕ್ಕೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದೆ. ಸಂಜೆಯೊಳಗೆ ಒಂಬತ್ತು ಮನೆಯವರು "ನಮ್ಮಲ್ಲೂ ಇದೆ" ಎಂದು ಬರೆದರು. ಒಬ್ಬರ ಮನೆಯಲ್ಲಿ ಅದು ಮೊಮ್ಮಗನ ಆಟಿಕೆ ಬುಟ್ಟಿಯಲ್ಲೇ ಇತ್ತಂತೆ. ಕೊರೊನಾ ಹೋಗಿ ಇಷ್ಟು ವರ್ಷವಾಯಿತು, ಅದು ಮನೆಗೆ ತಂದಿಟ್ಟ ಸಾಮಾನು ಹೋಗಿಲ್ಲ. ಹಾಗಾದರೆ ಆ ದಿನಗಳಲ್ಲಿ ಏನಾಗಿತ್ತು? ಜ್ವರ, ಆಕ್ಸಿಜನ್, ಬೆಡ್ಡುಗಳ ಕತೆ ಎಲ್ಲರಿಗೂ ಗೊತ್ತು. ಅದೇ ಹೊತ್ತಿನಲ್ಲಿ ಊರಿನಲ್ಲಿ ವಿಷದಿಂದ ಆಸ್ಪತ್ರೆ ಸೇರುವವರ ಲೆಕ್ಕವೂ ಬದಲಾಗುತ್ತದೆ. ಯಾಕೆ, ಹೇಗೆ ಅನ್ನುವುದನ್ನು ನಮ್ಮ ದಾವಣಗೆರೆಯನ್ನೇ ಕಣ್ಣ ಮುಂದೆ ಇಟ್ಟುಕೊಂಡು ನೋಡೋಣ.

ಮೊದಲು, ವಿಷ ಅಂದರೆ ಏನು?

"ಅತಿಯಾದರೆ ಅಮೃತವೂ ವಿಷ" ಎಂಬ ಗಾದೆ ವೈದ್ಯರ ಪಾಠಕ್ಕೂ ಸರಿಹೊಂದುತ್ತದೆ. ವಿಷ ಎಂಬ ಬೇರೆ ಜಾತಿಯ ವಸ್ತು ಇಲ್ಲ. ಉಪ್ಪು, ಜ್ವರದ ಮಾತ್ರೆ, ಕರ್ಪೂರ, ಯಾವುದೇ ಆಗಲಿ, ಎಷ್ಟು ಒಳಗೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು, ಯಾರ ಮೈಗೆ ಹೋಯಿತು ಎಂಬುದರ ಮೇಲೆ ಅದು ವಿಷವೋ ಅಲ್ಲವೋ ಎಂದು ತೀರ್ಮಾನವಾಗುತ್ತದೆ. ದೊಡ್ಡವರ ಅಂಗೈಗೆ ಸುರಿದುಕೊಂಡ ಸ್ಯಾನಿಟೈಜರ್ ಆರಿಹೋಗುತ್ತದೆ. ಅಷ್ಟನ್ನೇ ಎರಡು ವರ್ಷದ ಮಗು ಗುಟುಕರಿಸಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ವಿಷ ಮೈಗೆ ತಾಗುವುದರಲ್ಲಿ ಎರಡು ಬಗೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಸೇರಿ ತೊಂದರೆ ಕೊಡುವುದು ಒಂದು. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡುವುದು ಹೀಗೆ. ಒಂದೇ ಸಲ ಅಥವಾ ಒಂದೇ ದಿನದೊಳಗೆ ಮೈಗೆ ಸೇರಿ, ನಿಮಿಷಗಳಿಂದ ಹಿಡಿದು ಒಂದೆರಡು ದಿನದಲ್ಲಿ ಬಾಧಿಸುವುದು ಇನ್ನೊಂದು. ವೈದ್ಯರು ತೀವ್ರ ವಿಷಬಾಧೆ ಅನ್ನುವುದು ಇದಕ್ಕೆ. ಕುಡಿದದ್ದು ಮಾತ್ರ ಅಲ್ಲ, ಉಸಿರಿನಲ್ಲಿ ಎಳೆದುಕೊಂಡದ್ದು, ಚರ್ಮದ ಮೂಲಕ ಹೊಕ್ಕದ್ದು, ಕಣ್ಣಿಗೆ ಸಿಡಿದದ್ದು ಕೂಡ ಇದರಲ್ಲಿ ಸೇರುತ್ತದೆ. ಹಲವು ಆಸ್ಪತ್ರೆಗಳು ಹಾವು ಕಡಿತವನ್ನೂ ಇದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತವೆ. ಅಂಕಿ ಓದುವಾಗ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನು ಕಾರಣದ ಮೇಲೆ ಮತ್ತೊಂದು ಭಾಗ. ಗೊತ್ತಿಲ್ಲದೆ ಆದದ್ದು, ಕೆಲಸ ಮಾಡುವಾಗ ಆದದ್ದು, ಬೇಸತ್ತು ಬೇಕೆಂದೇ ತೆಗೆದುಕೊಂಡದ್ದು. ಮಹಾಮಾರಿ ಈ ಮೂರನ್ನೂ ಬೇರೆ ಬೇರೆ ರೀತಿಯಲ್ಲಿ ಅಲುಗಿಸುತ್ತದೆ.

ಎರಡು ದೂರಗಳ ಕತೆ

ವೈರಸ್ಸಿಗೂ ವಿಷಕ್ಕೂ ನೇರ ಸಂಬಂಧ ಏನೂ ಇಲ್ಲ. ಬದಲಾಗುವುದು ದೂರ. ಕೈಗೂ ಡಬ್ಬಿಗೂ ನಡುವಿನ ದೂರ ಒಂದು, ಮನೆಗೂ ಆಸ್ಪತ್ರೆಗೂ ನಡುವಿನ ದೂರ ಇನ್ನೊಂದು. ಲಾಕ್‌ಡೌನಿನಲ್ಲಿ ಮೊದಲನೆಯದು ಕಡಿಮೆಯಾಯಿತು, ಎರಡನೆಯದು ಜಾಸ್ತಿಯಾಯಿತು. ಮಿಕ್ಕ ವಿವರವೆಲ್ಲ ಇದರಿಂದಲೇ ಹುಟ್ಟುತ್ತದೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಶಾಲೆಗೆ ಹೋಗುವ ಮಕ್ಕಳು, ಮಂಡಿಗೆ ಹೋಗುವ ಅಪ್ಪ, ಗಾರ್ಮೆಂಟ್ಸಿಗೆ ಹೋಗುವ ಅಕ್ಕ, ಎಲ್ಲರೂ ಇಡೀ ದಿನ ಎರಡು ಕೋಣೆಯಲ್ಲಿ. ಅದೇ ಕೋಣೆಗೆ ಹಿಂದೆಂದೂ ಇಲ್ಲದಷ್ಟು ಬಾಟಲಿಗಳೂ ಬಂದವು. ಮಂದಿ ಜಾಸ್ತಿ, ಬಾಟಲಿ ಜಾಸ್ತಿ, ಜಾಗ ಅಷ್ಟೇ.

ಅಡುಗೆಮನೆಗೆ ಬಂದ ಹೊಸ ಬಾಟಲಿಗಳು

ಸ್ಯಾನಿಟೈಜರಿನಿಂದ ಶುರು ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ತಯಾರಿಯಲ್ಲಿ ನೂರಕ್ಕೆ 80 ಪಾಲು ಎಥೆನಾಲ್ ಅಥವಾ 75 ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಇರುತ್ತದೆ. ಬಾರಿನಲ್ಲಿ ಸಿಗುವ ವಿಸ್ಕಿಯಲ್ಲಿ ಇರುವುದು 42.8. ಅಂದರೆ ವಿಸ್ಕಿಯ ಸುಮಾರು ಎರಡು ಪಟ್ಟು ಗಟ್ಟಿ ಆಲ್ಕೊಹಾಲನ್ನು ಗುಲಾಬಿ ಬಣ್ಣ, ನಿಂಬೆ ವಾಸನೆ ಕೊಟ್ಟು ಟೀವಿ ಪಕ್ಕದಲ್ಲಿ, ಬಾಗಿಲ ಬಳಿ, ಮಕ್ಕಳ ಬ್ಯಾಗಿನಲ್ಲಿ ಇಟ್ಟೆವು. ಚಿಕ್ಕ ಮಕ್ಕಳಲ್ಲಿ ಆಲ್ಕೊಹಾಲ್ ರಕ್ತದ ಸಕ್ಕರೆಯನ್ನು ಇಳಿಸಿಬಿಡುತ್ತದೆ. ಮಗು ಮಂಕಾಗಿ ಮಲಗಿದರೆ ನಿದ್ದೆ ಅಂದುಕೊಂಡು ಬಿಡಬಾರದು.

ಆಮೇಲೆ ಬ್ಲೀಚ್. ಬೀದಿಗೆ ಹೊಡೆಯುತ್ತಿದ್ದ ಸೋಡಿಯಂ ಹೈಪೊಕ್ಲೋರೈಟ್ ಇದೇ. ನೆಲ, ಬಾಗಿಲ ಹಿಡಿ ಒರೆಸಲು ನೂರಕ್ಕೆ 0.1ರಷ್ಟು ತೆಳುವಾದ ದ್ರಾವಣ ಸಾಕು. ಮನುಷ್ಯರ ಮೇಲೆ ಹೊಡೆಯಲು ಎಷ್ಟು ತೆಳುವಾದರೂ ಸಲ್ಲದು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಪೈಪಿನಲ್ಲಿ ಹೊಡೆದ ದೃಶ್ಯ ನಿಮಗೂ ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಜನರ ಮೇಲೆ ಹೀಗೆ ಸಿಂಪಡಿಸಬೇಡಿ ಎಂದು ಹೇಳಬೇಕಾಯಿತು. ಕಣ್ಣು, ಚರ್ಮ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ವೈರಸ್ ಮೈಯೊಳಗಿದ್ದರೆ ಅದಕ್ಕೆ ಏನೂ ಆಗುವುದಿಲ್ಲ.

ಆದರೆ ಮನೆಯಲ್ಲಿ ನಿಜವಾದ ಅಪಾಯ ಬೆರೆಸುವುದರಲ್ಲಿದೆ. ನಮ್ಮ ಕಡೆ ಸೈಕಲ್ಲಿನಲ್ಲೋ ಟೀವಿಎಸ್‌ನಲ್ಲೋ "ಆ್ಯಸಿಡ್, ಫಿನಾಯಿಲ್" ಎಂದು ಕೂಗಿಕೊಂಡು ಬರುವವರು ಗೊತ್ತಲ್ವಾ? ಹಳೇ ನೀರಿನ ಬಾಟಲಿ ಕೊಟ್ಟರೆ ತುಂಬಿಕೊಡುತ್ತಾರೆ. ಅದರಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲ. ಅಂಗಡಿಯ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಹೆಚ್ಚಾಗಿ ಇದೇ ಆಮ್ಲ ಇರುತ್ತದೆ. "ಎರಡೂ ಸೇರಿಸಿದರೆ ಡಬಲ್ ಕ್ಲೀನ್" ಅಂದುಕೊಂಡು ಆಮ್ಲಕ್ಕೆ ಬ್ಲೀಚ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಬಗ್ಗಿ ಉಜ್ಜುತ್ತಿರುವವರ ಮುಖಕ್ಕೆ ನೇರವಾಗಿ. ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ಅದು ನೆಲದ ಬಳಿಯೇ ನಿಲ್ಲುತ್ತದೆ. ಎದೆ ಬಿಗಿಯುವುದು, ಕೆಮ್ಮು, ಕಣ್ಣಲ್ಲಿ ನೀರು ಆ ಕೂಡಲೇ ಶುರುವಾದರೂ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಕಳೆದ ಮೇಲೆ. ಕೊರೊನಾ ಕಾಲದಲ್ಲಿ ಇದಕ್ಕೊಂದು ಕೆಟ್ಟ ತಿರುವು ಇತ್ತು. ಕೆಮ್ಮು, ಉಸಿರಾಟದ ತೊಂದರೆ ಅಂದರೆ ಮನೆಯವರು ಬಚ್ಚಲನ್ನು ನೆನೆಯುತ್ತಿರಲಿಲ್ಲ, ಕೊರೊನಾವನ್ನು ನೆನೆಯುತ್ತಿದ್ದರು.

ನಾನು ಮೂಸಿದ್ದು ತಪ್ಪು ಅಂದಿದ್ದು ಇದಕ್ಕೇ. ಹೆಸರಿಲ್ಲದ ಬಾಟಲಿಯ ಒಳಗೆ ಏನಿದೆ ಎಂದು ಮೂಗು ಹೇಳುವ ಹೊತ್ತಿಗೆ ಅದು ಮೂಗಿನೊಳಗೆ ಹೋಗಿರುತ್ತದೆ.

ಇದು ನಮ್ಮೂರಿನ ಅಜ್ಞಾನ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ವಿಷದ ಸಲಹಾ ಫೋನ್ ಕೇಂದ್ರಗಳಿವೆ. 2020ರ ಜನವರಿಯಿಂದ ಮಾರ್ಚ್‌ವರೆಗೆ ಸ್ವಚ್ಛತೆಯ ರಾಸಾಯನಿಕಗಳ ಬಗ್ಗೆ ಅಲ್ಲಿಗೆ ಬಂದ ಕರೆ 45,550. ಹಿಂದಿನ ವರ್ಷ ಅದೇ ತಿಂಗಳುಗಳಿಗಿಂತ ಶೇಕಡಾ 20ರಷ್ಟು ಜಾಸ್ತಿ. ಅದರಲ್ಲಿ ಒಬ್ಬ ಹೆಂಗಸು ಬ್ಲೀಚ್, ವಿನಿಗರ್, ಬಿಸಿನೀರು ಬೆರೆಸಿ ಅದರಲ್ಲಿ ತರಕಾರಿ ನೆನೆಸಿ ಉಸಿರುಗಟ್ಟಿ ಆಸ್ಪತ್ರೆ ಸೇರಿದ್ದರು. ನಾವೂ ಕೊತ್ತಂಬರಿಯನ್ನು ಸೋಪಿನ ನೀರಲ್ಲಿ ತೊಳೆದವರೇ ಅಲ್ವಾ? ತರಕಾರಿ ಹಣ್ಣಿಗೆ ಸೋಪು, ಸೋಂಕುನಿವಾರಕ ಬೇಡ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆಗಲೇ ಹೇಳಿತ್ತು. ಕೇಳಿಸಿಕೊಂಡವರು ಕಡಿಮೆ.

ಬಾರಿಗೆ ಬೀಗ ಬಿದ್ದಾಗ

ಕರ್ನಾಟಕದಲ್ಲಿ ಮದ್ಯದಂಗಡಿಗಳು ಸುಮಾರು 40 ದಿನ ಮುಚ್ಚಿದ್ದು 2020ರ ಮೇ 4ರಂದು ತೆರೆದವು. ಆ ದಿನದ ಸಾಲುಗಳನ್ನು ನೋಡಿ ನಕ್ಕವರೇ ಹೆಚ್ಚು. ಆ 40 ದಿನ ನಗುವಂಥದ್ದಾಗಿರಲಿಲ್ಲ. ದಿನವೂ ಕುಡಿಯುವವರ ಮಿದುಳು ಮದ್ಯಕ್ಕೆ ಒಗ್ಗಿರುತ್ತದೆ. ತಟ್ಟನೆ ನಿಲ್ಲಿಸಿದರೆ ಕೈ ನಡುಕ, ನಿದ್ದೆಗೇಡು, ಫಿಟ್ಸ್, ಇಲ್ಲದ್ದು ಕಾಣುವುದು, ಕೆಲವೊಮ್ಮೆ ಸಾವು. ಚಿಕಿತ್ಸೆ ಬೇಕಾದ ಕಾಯಿಲೆ ಇದು. ಚಿಕಿತ್ಸೆ ಸಿಗದವರು ಕೈಗೆ ಸಿಕ್ಕಿದ ಆಲ್ಕೊಹಾಲ್ ಹುಡುಕುತ್ತಾರೆ. ಕೈಗೆ ಸಿಗುತ್ತಿದ್ದದ್ದು ಸ್ಯಾನಿಟೈಜರ್.

ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ 2020ರ ಜುಲೈ ಕೊನೆಯಲ್ಲಿ ಹೀಗೆ ಸ್ಯಾನಿಟೈಜರ್ ಕುಡಿದು ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಸೋಂಕು ಹೆಚ್ಚಿ ಅಲ್ಲಿ ಮದ್ಯದಂಗಡಿ ಮುಚ್ಚಿದ್ದವು. ಇರಾನಿನಲ್ಲಿ ಮದ್ಯ ಮೊದಲೇ ನಿಷಿದ್ಧ. ಆಲ್ಕೊಹಾಲ್ ಕುಡಿದರೆ ಕೊರೊನಾ ಬರುವುದಿಲ್ಲ ಎಂಬ ಗಾಳಿಮಾತು ಹಬ್ಬಿ, ಕಳ್ಳ ಮದ್ಯದಲ್ಲಿದ್ದ ಮೆಥನಾಲ್‌ನಿಂದ ಸಾವಿರಾರು ಜನ ಆಸ್ಪತ್ರೆ ಸೇರಿದರು, ನೂರಾರು ಜನ ಸತ್ತರು.

ಮೆಥನಾಲ್ ಅಂದರೆ ಎಥೆನಾಲಿನ ದಾಯಾದಿ. ನೋಡಲು, ಮೂಸಲು ಹೆಚ್ಚುಕಡಿಮೆ ಒಂದೇ. ಕಾರ್ಖಾನೆಗೆ ಬೇಕಾದ ವಸ್ತು, ಹೊಟ್ಟೆಗೆ ಅಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿ ದುರಂತದ ಹಿಂದೆ ಇದೇ ಇತ್ತು. ಸೋಜಿಗ ಅಂದರೆ ಮೆಥನಾಲ್ ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ನಮ್ಮ ಯಕೃತ್ತು, ಅಂದರೆ ಲಿವರ್, ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಕಣ್ಣಿನ ನರವನ್ನು ಸುಡುವುದು ಈ ಆಮ್ಲ. ಹಾಗಾಗಿ ಕುಡಿದ ಮೇಲೆ 12ರಿಂದ 24 ಗಂಟೆ ಏನೂ ಆಗದಂತೆ ಇರಬಹುದು. ಆಮೇಲೆ ಕಣ್ಣ ಮುಂದೆ ಬಿಳಿ ಮಂಜು ಕವಿಯುತ್ತದೆ, ಹೊಟ್ಟೆನೋವು, ಏದುಸಿರು ಶುರುವಾಗುತ್ತದೆ.

ಚಿಕಿತ್ಸೆ ತಿಳಿಯಲು ಬೆಣ್ಣೆದೋಸೆ ಹೋಟೆಲಿಗೆ ಬನ್ನಿ. ಕಾವಲಿ ಒಂದೇ. ಒಂದು ಹಿಟ್ಟಿನಿಂದ ಆಗುವ ದೋಸೆ ತಿನ್ನಬಹುದು, ಇನ್ನೊಂದರಿಂದ ಆಗುವುದು ವಿಷ. ಕೆಟ್ಟ ಹಿಟ್ಟನ್ನು ಕೂಡಲೇ ಎಸೆಯಲು ಆಗದಿದ್ದರೆ ಭಟ್ಟರು ಏನು ಮಾಡಬಹುದು? ಒಳ್ಳೇ ಹಿಟ್ಟನ್ನೇ ಎಡೆಬಿಡದೆ ಹುಯ್ದು ಕಾವಲಿಗೆ ಪುರುಸೊತ್ತು ಕೊಡದಿರುವುದು. ಅಷ್ಟರಲ್ಲಿ ಹಿಂಬಾಗಿಲಿಂದ ಕೆಟ್ಟ ಹಿಟ್ಟನ್ನು ಸಾಗಿಸುವುದು. ಮೆಥನಾಲನ್ನು ಬದಲಿಸುವ ಲಿವರಿನ ಕಿಣ್ವವೇ (ಎನ್‌ಜೈಮ್) ಕಾವಲಿ, ಮೆಥನಾಲ್ ಕೆಟ್ಟ ಹಿಟ್ಟು. ವೈದ್ಯರು ಅಳೆದು ಕೊಡುವ ಎಥೆನಾಲ್ ಒಳ್ಳೇ ಹಿಟ್ಟು. ಫೊಮೆಪಿಜೋಲ್ ಎಂಬ ಔಷಧ ಇನ್ನೂ ಚೆನ್ನಾದ ಉಪಾಯ, ಅದು ಕಾವಲಿಯನ್ನೇ ಮುಚ್ಚಿಬಿಡುತ್ತದೆ. ಡಯಾಲಿಸಿಸ್ ಎನ್ನುವುದು ಹಿಂಬಾಗಿಲು. ಇದು ರಕ್ತ ಪರೀಕ್ಷೆ ಮಾಡುತ್ತಾ ಆಸ್ಪತ್ರೆಯಲ್ಲಿ ಮಾಡುವ ಕೆಲಸ. ಮನೆಯಲ್ಲಿ ಪೆಗ್ಗು ಕೊಟ್ಟು ನೋಡುವಂಥದ್ದಲ್ಲ.

ಫಾರ್ವರ್ಡ್ ಆಗಿ ಬಂದ ಮದ್ದುಗಳು

ಕಾಯಿಲೆಗೆ ಔಷಧಿ ಇಲ್ಲದ ಹೊತ್ತಿನಲ್ಲಿ ಎಲ್ಲರೂ ವೈದ್ಯರೇ. 2020ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಗಡಿಗೆ ಅಂಟಿಕೊಂಡ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಟಿಕ್‌ಟಾಕ್ ವಿಡಿಯೊ ನೋಡಿ ಉಮ್ಮತ್ತಿ ಬೀಜ ತಿಂದು ಸುಮಾರು ಹತ್ತು ಜನ ಆಸ್ಪತ್ರೆ ಸೇರಿದರು. ಉಮ್ಮತ್ತಿಯ ಮುಳ್ಳುಕಾಯಿ ಚಿತ್ರಗಳಲ್ಲಿ ಕಾಣುವ ಕೊರೊನಾ ವೈರಸ್ಸಿನಂತೆ ಇದೆ, ಹಾಗಾಗಿ ಅದೇ ಮದ್ದು ಅಂತೆ! ನಮ್ಮ ಹೊಲದ ಬದುಗಳಲ್ಲೂ ಬೆಳೆಯುವ ಗಿಡ ಇದು. ಇದರ ಬೀಜ ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ, ಎದೆ ಬಡಿತ ಏರುತ್ತದೆ, ಮನುಷ್ಯ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಬಡಬಡಿಸುತ್ತಾನೆ. ಹಳ್ಳಿಯಲ್ಲಿ ಇದನ್ನು ದೆವ್ವ ಮೆಟ್ಟಿದೆ ಎಂದು ಗುಡಿಗೆ ಕರೆದೊಯ್ದು ಹೊತ್ತು ಕಳೆಯುವುದೂ ಉಂಟು.

2021ರ ಎರಡನೇ ಅಲೆಯಲ್ಲಿ ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ ಎಂಬ ಸಂದೇಶ ಬಂತು. ಆಕ್ಸಿಜನ್ ಏರಲಿಲ್ಲ. ಕರ್ಪೂರ ಮಾತ್ರ ಪೂಜೆ ಕಪಾಟಿನಿಂದ ದಿಂಬಿನ ಪಕ್ಕಕ್ಕೆ ಬಂತು. ಕಲ್ಲುಸಕ್ಕರೆಯಂತೆ ಕಾಣುವ ಅದನ್ನು ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಂಡರೆ ಸ್ವಲ್ಪದರಲ್ಲೇ ಫಿಟ್ಸ್ ಬರಬಹುದು.

ಜ್ವರದ ಮಾತ್ರೆಯ ವಿಷಯ ಬೇರೆ. ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. 650 ಮಿಲಿಗ್ರಾಂ ಮಾತ್ರೆಯಾದರೆ ಆರಕ್ಕೆ ಲೆಕ್ಕ ಮುಗಿಯಿತು. ಮುಶ್ಕಿಲು ಏನೆಂದರೆ ನೆಗಡಿ ಮಾತ್ರೆಯಲ್ಲೂ, ಮೈಕೈ ನೋವಿನ ಮಾತ್ರೆಯಲ್ಲೂ ಅದೇ ಇರುತ್ತದೆ, ಹೆಸರು ಮಾತ್ರ ಬೇರೆ. ಮೂರು ಪಟ್ಟಿಯಿಂದ ಒಂದೊಂದು ನುಂಗಿದವರಿಗೆ ತಾವು ಒಂದೇ ಔಷಧಿಯನ್ನು ಮೂರು ಸಲ ತೆಗೆದುಕೊಂಡಿದ್ದೇವೆ ಎಂದು ಗೊತ್ತಿರುವುದಿಲ್ಲ. ಜಾಸ್ತಿಯಾದರೆ ಮೊದಲ ದಿನ ಏನೂ ಅನಿಸದೆ ಒಳಗೊಳಗೇ ಲಿವರ್ ಕೆಡುತ್ತದೆ. ಇದಕ್ಕೆ ಒಳ್ಳೇ ಪ್ರತಿವಿಷ ಇದೆ, ಮೊದಲ 8 ಗಂಟೆಯೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. "ಆರಾಮಾಗೇ ಇದ್ದೀನಲ್ಲ" ಎಂದು ಮನೆಯಲ್ಲೇ ಕೂತರೆ ಆ ಗಂಟೆಗಳು ಹೋಗುತ್ತವೆ.

ಹೊಲದ "ಔಷಧಿ"

ನಮ್ಮ ಭಾಷೆಯಲ್ಲೇ ಒಂದು ಎಡವಟ್ಟು ಇದೆ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ ನಾವು ಔಷಧಿ ಅನ್ನುತ್ತೇವೆ, ಕೆಮ್ಮಿಗೆ ಕುಡಿಯುವುದಕ್ಕೂ ಔಷಧಿ. "ಔಷಧಿ ಕುಡಿದಾನ್ರೀ" ಎಂದು ಯಾರನ್ನಾದರೂ ಎತ್ತಿಕೊಂಡು ಬಂದರೆ ಎಮರ್ಜೆನ್ಸಿಯಲ್ಲಿ ಮೊದಲ ಪ್ರಶ್ನೆಯೇ "ಯಾವ ಔಷಧಿ?" ಹೊಸದಾಗಿ ಬಂದ ವೈದ್ಯರಿಗೆ ಈ ಮಾತು ಅರ್ಥವಾಗಲು ಒಂದೆರಡು ದಿನ ಬೇಕಂತೆ.

ದಾವಣಗೆರೆ ನಗರ ಅಂದರೆ ಬರೀ ನಗರವಲ್ಲ. ಭದ್ರಾ ನಾಲೆಯ ಭತ್ತ, ಜಗಳೂರಿನ ಮೆಕ್ಕೆಜೋಳ, ಚನ್ನಗಿರಿಯ ಅಡಿಕೆ, ಎಲ್ಲದರ ವ್ಯಾಪಾರವೂ ಇಲ್ಲಿಗೆ ಬರುತ್ತದೆ, ಅದರ ಜೊತೆಗೆ ಕಾಯಿಲೆಯೂ. ಹಾಗಾಗಿ ಇಲ್ಲಿನ ವಿಷದ ಲೆಕ್ಕದಲ್ಲಿ ಕೀಟನಾಶಕ ಯಾವಾಗಲೂ ದೊಡ್ಡ ಪಾಲು. ಅದರಲ್ಲೂ ರಂಜಕದ ಗುಂಪಿನ ಕೀಟನಾಶಕಗಳು. ಅವು ಕೆಲಸ ಮಾಡುವುದು ಹೀಗೆ: ನಮ್ಮ ನರಗಳು ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಕಳಿಸುವುದು ಸ್ವಿಚ್ ಹಾಕಿದ ಹಾಗೆ. ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಲು ಮೈಯಲ್ಲೊಂದು ಕಿಣ್ವವಿದೆ. ಈ ವಿಷ ಆರಿಸುವ ಆ ಕೈಯನ್ನೇ ಕಟ್ಟಿಹಾಕುತ್ತದೆ. ಎಲ್ಲ ಸ್ವಿಚ್ಚುಗಳೂ ಆನ್. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಕಫ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಉಮ್ಮತ್ತಿ ಮಾಡುವುದರ ನೇರ ಉಲ್ಟಾ. ಅದಕ್ಕೇ ಉಮ್ಮತ್ತಿಯಲ್ಲಿರುವ ಅಟ್ರೊಪಿನ್ ಎಂಬ ವಸ್ತುವೇ, ಅಳೆದು ಇಂಜೆಕ್ಷನ್ನಾಗಿ ಕೊಟ್ಟಾಗ, ಇದಕ್ಕೆ ಮದ್ದು. ಮೊದಲು ಹೇಳಿದ ಗಾದೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಹೊಡೆಯುವಾಗ ಬೆನ್ನ ಮೇಲೆ ಸೋರಿದರೂ ಇದು ಚರ್ಮದಿಂದ ಒಳಗೆ ಹೋಗುತ್ತದೆ. ಲಾಕ್‌ಡೌನಿನಲ್ಲಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರು, ಔಷಧಿ ಹೊಡೆಯುವ ಕ್ಯಾನಿನ ರೂಢಿ ಇಲ್ಲದವರು, ಮುಂಗಾರಿನಲ್ಲಿ ಹೊಲಕ್ಕೆ ಇಳಿದರೆ ಈ ಅಪಾಯ ಜಾಸ್ತಿ.

ಇನ್ನೊಂದು ಸರಪಣಿ ನೋಡಿ. ಕೋಳಿ ತಿಂದರೆ ಕೊರೊನಾ ಎಂಬ ಸುಳ್ಳು ಹಬ್ಬಿತು. ಕೋಳಿ ಮಾರಾಟ ಬಿತ್ತು, ಕೋಳಿಗೆ ಹಾಕುವ ಮೆಕ್ಕೆಜೋಳದ ಬೆಲೆಯೂ ಬಿತ್ತು. 2020ರ ಮೇನಲ್ಲಿ ರಾಜ್ಯ ಸರ್ಕಾರ ಮೆಕ್ಕೆಜೋಳದ ರೈತರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಬೆಲೆ ಬರಲಿ ಎಂದು ಚೀಲಗಳನ್ನು ಉಳಿಸಿಕೊಂಡವರು ಹುಳು ಬೀಳದಂತೆ ಕಾಳಿಗೆ ಇಡುವ ಮಾತ್ರೆಯನ್ನೂ ಉಳಿಸಿಕೊಳ್ಳಬೇಕು. ಅದು ಗಾಳಿಯ ತೇವಕ್ಕೇ ಫಾಸ್ಫೀನ್ ಅನಿಲ ಬಿಡುತ್ತದೆ. ಚೀಲ ಇರುವ ಕೋಣೆಯಲ್ಲೇ ಮನೆಮಂದಿ ಮಲಗಿದರೆ ಯಾರೂ ಏನೂ ಕುಡಿಯದೆಯೇ ವಿಷವಾಗಬಹುದು. ಒಂದು ಗಾಳಿಮಾತು ಎಲ್ಲಿಂದ ಎಲ್ಲಿಗೆ ಬಂತು!

ಬೇಕೆಂದೇ ತೆಗೆದುಕೊಳ್ಳುವವರ ಮಾತನ್ನೂ ಬಿಡುವಂತಿಲ್ಲ. ಕೆಲಸ ಹೋಯಿತು, ಸಾಲದ ಕಂತು ನಿಂತಿತು, ಹತ್ತಿರದವರು ಸತ್ತರು, ಮನೆಯೊಳಗಿನ ಜಗಳಕ್ಕೆ ಹೊರಗೆ ಹೋಗುವ ದಾರಿಯೂ ಇರಲಿಲ್ಲ. ಇಂಥ ಆಲೋಚನೆಯ ಅಲೆ ಹೆಚ್ಚಿನವರಲ್ಲಿ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತನ್ನು ದಾಟಿಸಿದರೆ ಬದುಕು ಮುಂದುವರಿಯುತ್ತದೆ. ಹಾಗಾದರೆ ಕೀಟನಾಶಕಕ್ಕೆ ಬೀಗ ಹಾಕಿದರೆ ಸಾಕೇ? ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಅರ್ಧದಷ್ಟು ಊರುಗಳಿಗೆ ಬೀಗದ ಪೆಟ್ಟಿಗೆ ಕೊಟ್ಟರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಕಡೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ದೇಶ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ಅಂಗಡಿಯಿಂದಲೇ ತೆಗೆದಾಗ ಆತ್ಮಹತ್ಯೆಯ ದರ ಕಾಲಕ್ರಮೇಣ ಶೇಕಡಾ 70ಕ್ಕೂ ಹೆಚ್ಚು ಇಳಿಯಿತು. ಡಬ್ಬಿಯನ್ನು ಮನೆಯಲ್ಲಿ ದೂರ ಇಡುವುದಕ್ಕಿಂತ ಊರಿನಿಂದಲೇ ದೂರ ಇಡುವುದು ಹೆಚ್ಚು ಕೆಲಸ ಮಾಡಿದೆ. ಮಕ್ಕಳ ಕೈಗೆ ಸಿಗದಿರಲು ಬೀಗ ಬೇಕೇ ಬೇಕು, ಅದು ಬೇರೆ ಮಾತು.

ನಿಮಗೋ ನಿಮ್ಮವರಿಗೋ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಉಚಿತ ಸರ್ಕಾರಿ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು.

ದೂರವಾದ ಆಸ್ಪತ್ರೆ

ಈಗ ಎರಡನೇ ದೂರ. ಚಿತ್ರದುರ್ಗ ಇಲ್ಲಿಗೆ ಸುಮಾರು 60 ಕಿಲೋಮೀಟರ್. ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದಲೂ ಜನ ಇಲ್ಲಿನ ಆಸ್ಪತ್ರೆಗಳಿಗೆ ಬರುತ್ತಾರೆ. 2020ರಲ್ಲಿ ಬಸ್ಸಿಲ್ಲ, ಜಿಲ್ಲೆಯ ಗಡಿಯಲ್ಲಿ ಪಾಸು ಕೇಳುತ್ತಿದ್ದರು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆ ಎಂಬ ಭಯ ಬೇರೆ. "ಒಂದು ರಾತ್ರಿ ನೋಡೋಣ" ಅಂದವರು ಎಷ್ಟೋ. ಹೊಟ್ಟೆಯಲ್ಲಿ ವಿಷ ಇರುವಾಗ ಒಂದು ರಾತ್ರಿ ಅಂದರೆ ಬಹಳ ಹೊತ್ತು.

ಒಳಗೆ ಹೋದ ಮೇಲೂ ಕಷ್ಟವಿತ್ತು. ಗಂಟಲಿಗೆ ಕೊಳವೆ ಇಳಿಸುವಾಗ ರೋಗಿ ಕೆಮ್ಮಿ ವೈರಸ್ ಹಾರಬಹುದು, ಹಾಗಾಗಿ ಸಿಬ್ಬಂದಿ ಮೈತುಂಬ ಕವಚ ತೊಟ್ಟು ಬರಬೇಕು. ಕೀಟನಾಶಕದ ರೋಗಿಗೆ ಎಷ್ಟೋ ಸಲ ದಿನಗಟ್ಟಲೆ ವೆಂಟಿಲೇಟರ್ ಬೇಕು. ಕೊರೊನಾ ರೋಗಿಗೂ ಅದೇ ಬೇಕಿತ್ತು.

ಪೊಲೀಸ್ ಕೇಸಿನ ಹೆದರಿಕೆಯಿಂದ ತಡಮಾಡುವುದು ಮಹಾಮಾರಿಗೂ ಮೊದಲಿನಿಂದ ಇರುವ ರೋಗ. ಆಸ್ಪತ್ರೆ ಪೊಲೀಸರಿಗೆ ತಿಳಿಸುವುದು ನಿಜ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ, ಶಿಕ್ಷಿಸುವುದಿಲ್ಲ. 2024ರ ಜುಲೈನಿಂದ ಜಾರಿಯಾದ ಹೊಸ ದಂಡಸಂಹಿತೆಯಲ್ಲಿ, ಆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ 309ನೇ ಕಲಮು ಉಳಿದಿಲ್ಲ.

ಅಂಕಿ ಓದುವಾಗ ಎಡವದಿರಲು

"ಲಾಕ್‌ಡೌನಿನಲ್ಲಿ ವಿಷದ ಕೇಸು ಇಳಿಯಿತು", "ಲಾಕ್‌ಡೌನಿನಲ್ಲಿ ವಿಷದ ಕೇಸು ಗಂಭೀರವಾಯಿತು" ಎಂಬ ಎರಡು ಸುದ್ದಿ ಒಟ್ಟಿಗೆ ಬಂದರೆ ಗೊಂದಲವಾಗುತ್ತದೆ. ಎರಡೂ ನಿಜವಿರಬಹುದು. ಬಂದ್ ದಿನ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಇರುವವರು ಕೆಲವರೇ, ಆದರೆ ಎಲ್ಲರಿಗೂ ಹೋಗಲೇಬೇಕಾದ ತುರ್ತು. ಆಸ್ಪತ್ರೆಯೂ ಹಾಗೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮೊದಲು ತಿಂಗಳಿಗೆ 100 ಜನ ಬರುತ್ತಿದ್ದರು, 10 ಜನ ಗಂಭೀರ. ಲಾಕ್‌ಡೌನಿನಲ್ಲಿ ಬಂದವರು 50, ಗಂಭೀರ ಅದೇ 10. ಶೇಕಡಾ ಹತ್ತು ಇದ್ದದ್ದು ಇಪ್ಪತ್ತಾಯಿತು. ವಿಷ ಬಲವಾಗಲಿಲ್ಲ, ಸಣ್ಣಪುಟ್ಟ ತೊಂದರೆಯವರು ಮನೆಯಲ್ಲಿ ಉಳಿದರು ಅಷ್ಟೇ.

ಇದರ ತಿರುಗುಮುರುಗು ದೇಶದ ನಿಜ ಅಂಕಿಯಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2019ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,39,123. 2020ರಲ್ಲಿ 1,53,052. ಇದರಲ್ಲಿ ವಿಷದ ಪಾಲು ಶೇಕಡಾ 25.8 ಇದ್ದದ್ದು 25.0ಕ್ಕೆ ಇಳಿಯಿತು. ಪಾಲು ಇಳಿಯಿತಲ್ಲ ಎಂದು ಸಮಾಧಾನಪಟ್ಟರೆ ತಪ್ಪು. ಗುಣಿಸಿ ನೋಡಿದರೆ ಸುಮಾರು 36 ಸಾವಿರ ಇದ್ದದ್ದು ಸುಮಾರು 38 ಸಾವಿರವಾಗಿದೆ. ರೊಟ್ಟಿ ದೊಡ್ಡದಾದರೆ ಸಣ್ಣ ತುಣುಕೂ ಮೊದಲಿಗಿಂತ ದೊಡ್ಡದಿರಬಹುದು. ಹಾಗೆಂದು ಈ ಏರಿಕೆಯೆಲ್ಲ ಕೊರೊನಾದಿಂದಲೇ ಅನ್ನುವಂತೆಯೂ ಇಲ್ಲ.

ತಿಂಗಳನ್ನೂ ನೋಡಬೇಕು. ನಮ್ಮ ಕಡೆ ಮುಂಗಾರು ಬಿತ್ತನೆ ಜೂನ್‌ನಲ್ಲಿ, ಆಮೇಲೆ ಔಷಧಿ ಹೊಡೆಯುವ ಕೆಲಸ, ಹಾವು ಕಡಿತವೂ ಮಳೆಗಾಲದಲ್ಲೇ ಜಾಸ್ತಿ. ಏಪ್ರಿಲ್ ಲಾಕ್‌ಡೌನನ್ನು ಅದರ ಮುಂದಿನ ಆಗಸ್ಟ್ ಜೊತೆ ಹೋಲಿಸಿದರೆ ನಾವು ಅಳೆಯುತ್ತಿರುವುದು ಮಳೆಯನ್ನು, ಮಹಾಮಾರಿಯನ್ನಲ್ಲ. 2020ರ ಏಪ್ರಿಲನ್ನು 2019ರ ಏಪ್ರಿಲ್ ಜೊತೆಗೇ ಇಡಬೇಕು. ಹೊರ ಊರಿನವರು ಬರುವುದು ನಿಂತಾಗ ನಗರದವರ ಪಾಲು ತಾನಾಗಿ ಏರುತ್ತದೆ ಎಂಬುದನ್ನೂ ಮರೆಯಬಾರದು.

ವಿಷ ಅಂತ ಅನುಮಾನ ಬಂದರೆ

108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಅಲ್ಲಿಗೆ ಫೋನ್ ಮಾಡಿ ಕೇಳುತ್ತಾರೆ. ಡಬ್ಬಿ, ಚೀಟಿ, ಮಾತ್ರೆಯ ಪಟ್ಟಿ, ಏನು ಸಿಕ್ಕರೂ ಆಸ್ಪತ್ರೆಗೆ ಜೊತೆಗೆ ಒಯ್ಯಿರಿ.

ಉಪ್ಪುನೀರು, ಹುಣಸೆನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಹಳೇ ರೂಢಿ. ಬೇಡ. ಆಮ್ಲ ಇಳಿಯುವಾಗ ಗಂಟಲನ್ನು ಒಮ್ಮೆ ಸುಟ್ಟಿರುತ್ತದೆ, ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಎಡ ಮಗ್ಗುಲಿಗೆ ಹೊರಳಿಸಿ. ಕೀಟನಾಶಕ ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸೋಪು, ನೀರಿನಿಂದ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಕಣ್ಣಿಗೆ ಏನಾದರೂ ಸಿಡಿದರೆ 15ರಿಂದ 20 ನಿಮಿಷ ಹರಿಯುವ ನೀರು. ಅನಿಲವಾದರೆ ಮೊದಲು ಹೊರಗೆ ಗಾಳಿಗೆ ಬನ್ನಿ, ಬಕೆಟ್ಟು ಅಲ್ಲೇ ಇರಲಿ.

ನನ್ನ ಕ್ಯಾನಿನ ಕತೆ ಇನ್ನೂ ಮುಗಿದಿಲ್ಲ. ಮನೆಯ ಅಪಾಯಕಾರಿ ಕಸವನ್ನು ಹಸಿ, ಒಣ ಕಸದಿಂದ ಬೇರೆ ಕೊಡಬೇಕು ಎಂದು ನಿಯಮ ಹೇಳುತ್ತದೆ. ಬೆಳಗ್ಗೆ ಕಸದ ಗಾಡಿಯವರಿಗೆ ಕೊಡಲು ಹೋದೆ. ಅವರು ಮುಚ್ಚಳ ನೋಡಿದರು, ನನ್ನ ಮುಖ ನೋಡಿದರು. "ಇದನ್ನ ಯಾವುದಕ್ಕೆ ಹಾಕ್ಲಿ ಸಾರ್? ಬಿಸಿಲಿಗೆ ಹೊತ್ಕೊಂಡ್ರೆ?" ಎಂದರು. ಅವರು ಕೇಳಿದ್ದು ಸರಿಯೇ, ಅದು ಬೆಂಕಿಗೆ ಪೆಟ್ರೋಲಿನ ನೆಂಟ. ವಾಪಸ್ ತಂದೆ. ಈಗ ಕ್ಯಾನಿನ ಮೇಲೆ ಕಪ್ಪು ಮಾರ್ಕರಿನಲ್ಲಿ "ಸ್ಯಾನಿಟೈಜರ್, 2020, ಕುಡಿಯಬಾರದು, ಬೆಂಕಿ ದೂರ" ಎಂದು ಬರೆದು ಮೆಟ್ಟಿಲ ಕೆಳಗಿನ ಬೀಗದ ಗೂಡಿನಲ್ಲಿ ಇಟ್ಟಿದ್ದೇನೆ. ಹಳದಿ ನೀರಿನ ಬಾಟಲಿಯನ್ನೂ ಬೇರೆ ಮೂಲೆಯಲ್ಲಿ, ಮುಚ್ಚಳ ತೆಗೆಯದೆ. ಅದರ ಮೇಲೆ ಬರೆದಿರುವುದು "ಗೊತ್ತಿಲ್ಲ, ವಿಷ" ಎಂದು.